ಖಾಲಿ ಬಾರದ ಡಬ್ಬಿ

ಸಿಗಡಿ ಚಿಪ್ಪಿನಿಂದ ಕೈಟೋಸಾನ್ ಎಂಬ ಸತ್ವ ತೆಗೆದು, ಗಾಯ ಕೀವುಗಟ್ಟಿಸುವ ಸೂಕ್ಷ್ಮಾಣುಗಳನ್ನು ಅದು ತಡೆದೀತೇ ಎಂದು ಹುಡುಕಿದವರು ಕಡಲ ತೀರದಲ್ಲಿ ಅನೇಕರಿದ್ದಾರೆ. ಕಡಲು ಕಾಣದ ನಮ್ಮ ಕಾಲುವೆ ಸೀಮೆಯಲ್ಲಿ ಆ ಕೆಲಸ ಹಿಡಿದವರು ಪ್ರಾಧ್ಯಾಪಕಿ ಪದ್ಮಾವತಿಯವರು. ಲಿಂಗಸುಗೂರಿನಲ್ಲಿ ಪಾಠ ಆರಂಭಿಸಿ, ಮಸ್ಕಿಯಲ್ಲಿ ಒಂಬತ್ತು ವರ್ಷ ಕಳೆದು, ಸಿಂಧನೂರಿನ ಕಾಲೇಜಿಗೆ ಬಂದ ಅವರು ಈಗ ನಿವೃತ್ತರಾಗುತ್ತಿದ್ದಾರೆ.

ಮಾರುಕಟ್ಟೆಯಲ್ಲಿ ಬಿಸಾಡಿದ ಚಿಪ್ಪನ್ನು ಚೀಲದಲ್ಲಿ ಹೊತ್ತು ತರುತ್ತಿದ್ದವರು ಪ್ರಯೋಗಾಲಯದ ಸಹಾಯಕ ಅಮರಗುಂಡಪ್ಪನವರು. ಲಿಂಗಪೂಜೆಯಾಗದೆ ನೀರೂ ಮುಟ್ಟದ ಜೀವ.

"ಏನ್ರೀ ಸ್ವಾಮಿ, ನೀವೂ ಸಿಗಡಿ ತಿನ್ನಾಕತ್ತೀರೇನು?" ಎಂದು ಮೀನು ಮಾರುವ ಸಕೀನಾಬೀ ಕೆಣಕಿದರೆ, "ತಿನ್ನಾಕಲ್ಲವ್ವಾ, ಇವನ್ನ ಕಾಲೇಜು ಓದ್ಸಾಕ ಒಯ್ಯಾಕತ್ತೀನಿ" ಎನ್ನುತ್ತಿದ್ದರು.

ಕೈಟೋಸಾನನ್ನು ತೆಳು ಹುಳಿಯಲ್ಲಿ, ಅಂದರೆ ನೀರು ಬೆರೆಸಿದ ಆಮ್ಲದಲ್ಲಿ, ಕರಗಿಸಬೇಕು. ಸೂಕ್ಷ್ಮಾಣುಗಳನ್ನು ಕೊಂದದ್ದು ಚಿಪ್ಪೋ ಹುಳಿಯೋ ಎಂದು ತಿಳಿಯಲು ಪದ್ಮಾವತಿಯವರು ಸೂಕ್ಷ್ಮಾಣು ಬೆಳೆಸಿದ ಒಂದು ಗಾಜಿನ ತಟ್ಟೆಗೆ ಬರೀ ಹುಳಿ ಹಾಕಿ, 'ಖಾಲಿ' ಎಂದು ಬರೆದಿಡುತ್ತಿದ್ದರು. ಒಂದು ವರ್ಷ ಮೂರು ತಿಂಗಳ ಕಾಲ ಆ ಖಾಲಿ ತಟ್ಟೆಯಲ್ಲಿಯೂ ಸೂಕ್ಷ್ಮಾಣುಗಳು ಸತ್ತವು. ಚಿಪ್ಪಿನ ಗುಣವೇನೂ ಇಲ್ಲವೆಂದು ನಂಬಿ, ಹನ್ನೊಂದು ವರ್ಷದ ಕೆಲಸವನ್ನು ಕೈಬಿಡುವ ಪತ್ರ ಬರೆದು ಅಮರಗುಂಡಪ್ಪನವರ ಕೈಗಿತ್ತರು.

"ಪ್ರಿನ್ಸಿಪಾಲರಿಗೆ ಕೊಡ್ರಿ. ಖಾಲಿ ಪ್ಲೇಟಿನ್ಯಾಗೂ ಹುಳ ಸತ್ತಾವ. ನನ್ನ ಹುಚ್ಚು ಮುಗೀತು."

ಅಮರಗುಂಡಪ್ಪನವರು ಬಾಗಿಲವರೆಗೆ ಹೋಗಿ ನಿಂತುಬಿಟ್ಟರು.

"ಮೇಡಂ, ಅದು ಖಾಲಿ ಇರಲಿಲ್ರಿ."

"ಅಂದ್ರ?"

"ನಮ್ಮ ಮನ್ಯಾಗ ಖಾಲಿ ಪಾತ್ರಿ ಯಾರ ಕೈಯಾಗೂ ಕೊಡಂಗಿಲ್ರಿ. ನಿಮ್ಮ ಕೆಲಸ ಚಲೋ ಆಗ್ಲಿ ಅಂತ ದಿನಾ ಅದಕ್ಕೂ ಒಂದು ಹನಿ ಚಿಪ್ಪಿನ ಔಷಧ ಹಾಕೀನ್ರಿ."

ಪದ್ಮಾವತಿಯವರು 'ಖಾಲಿ' ತಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕಣ್ಣೊರೆಸಿಕೊಳ್ಳುತ್ತ ನಕ್ಕರು. "ನಿಮ್ಮ ಆಶೀರ್ವಾದಕ್ಕ ನಾನಽ ಸತ್ತಿದ್ನಲ್ಲರೀ! ಕೊಡ್ರಿ ಆ ಪತ್ರ." ಗದರಲಿಲ್ಲ, ಬೇರೆಯವರಿಗೆ ಹೇಳಲೂ ಇಲ್ಲ. ಮೊದಲ ತಟ್ಟೆಯಿಂದ ಮತ್ತೆ ತೊಡಗಿದರು. ಖಾಲಿ ತಟ್ಟೆ ಎತ್ತಿಡುವಾಗ ಅಮರಗುಂಡಪ್ಪನವರು ಮುಖ ಅತ್ತ ತಿರುಗಿಸಿ "ಶಿವಾ, ತಪ್ಪು ತಿಳೀಬ್ಯಾಡ" ಎನ್ನುತ್ತಿದ್ದರಂತೆ. ಈ ಸಲ ಅದರಲ್ಲಿ ಸೂಕ್ಷ್ಮಾಣುಗಳು ದಟ್ಟವಾಗಿ ಬೆಳೆದವು. ಚಿಪ್ಪಿನ ತಟ್ಟೆಯಲ್ಲಿ ಅವು ಸತ್ತು ತಿಳಿಯಾದ ವೃತ್ತ ಮೂಡಿತು. ಅಚ್ಚಾದ ಪ್ರಬಂಧದ ಕೃತಜ್ಞತೆಯಲ್ಲಿ ಮೊದಲ ಹೆಸರು ಅಮರಗುಂಡಪ್ಪನವರದು.

ಕಳೆದ ಶ್ರಾವಣದಲ್ಲಿ ಆ ಪುಣ್ಯಾತ್ಮರು ಶಿವನ ಪಾದ ಸೇರಿದರು. ಅವರ ಊಟದ ಡಬ್ಬಿ ಪ್ರಯೋಗಾಲಯದಲ್ಲೇ ಉಳಿದಿತ್ತು. ಪದ್ಮಾವತಿಯವರು ಅದನ್ನು ಮಡಿಲಲ್ಲಿಟ್ಟುಕೊಂಡು ಬಳಗಾನೂರಿನ ಬಸ್ಸಿನಲ್ಲಿ ಅವರ ಮನೆಗೆ ಹೋದರು. ಪತ್ನಿ ಕಸ್ತೂರೆಮ್ಮನವರು ಮುಚ್ಚಳ ತೆರೆದರೆ ಡಬ್ಬಿಯ ತುಂಬ ಸಕ್ಕರೆ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಆ ತಾಯಿ ಅಂದರು: "ಅವ್ರು ನಿಮಗೂ ಕಲಿಸ್ಯಾರ ಬಿಡ್ರಿ."

ಪದ್ಮಾವತಿಯವರಿಗೆ ಶಿವನು ತುಂಬು ಆಯುಷ್ಯ ಕೊಡಲಿ. ಚಿಪ್ಪು ಔಷಧವಾಗುವವರೆಗೂ ಅವರ ಕೈ ಗಟ್ಟಿಯಿರಲಿ. ಆ ಒಂದು ತಟ್ಟೆ ಖಾಲಿಯಿರಲಿ; ಉಳಿದದ್ದೆಲ್ಲ ಅವರಿಗೆ ತುಂಬಿ ಬರಲಿ.