ಮೊದಲ ಕಡಾಯಿಯ ರುಚಿ

ಸವಣೂರಿನಲ್ಲಿ ಹುಸೇನಸಾಬರ ಸೇವು-ಖಾರದ ಅಂಗಡಿಯ ಎದುರಿಗೇ ನನ್ನ ಮನೆ. ನನ್ನ ಹೊಟ್ಟೆ ಹೀಗೆ ಮುಂದೆ ಬರಲು ಅದೇ ಕಾರಣ ಎಂದು ನಾನು ಹೇಳುತ್ತಿರುತ್ತೇನೆ. ದಿನವೂ ಬೆಳಿಗ್ಗೆ ಹಲ್ಲುಜ್ಜಿದವನೇ ರಸ್ತೆ ದಾಟುವುದು ಯಾರು ಎಂದು ಹೆಂಡತಿ ಕೇಳುತ್ತಾಳೆ.

ಅಲ್ಲಿ ಕಡಾಯಿಯ ಮುಂದೆ ಕೂಡುವವಳು ಶಾರವ್ವ. ಮೊದಲ ಕಡಾಯಿಯ ಸೇವನ್ನು ಕರಿದವರೇ ಬಾಯಿಗೆ ಹಾಕಿಕೊಂಡು, ತಲೆಯಾಡಿಸಿದ ಮೇಲೆಯೇ ಉಳಿದದ್ದು ಪೊಟ್ಟಣಕ್ಕೆ ಹೋಗಬೇಕು. ಇದು ಆ ಅಂಗಡಿಯ ರಿವಾಜು.

ಹೋದ ಬೇಸಿಗೆಯ ಹೊತ್ತಿಗೆ ಶಾರವ್ವ ದಪ್ಪಗಾಗಿದ್ದಳು. ಮುಖ ಊದಿತ್ತು, ದನಿ ಒಡೆದಿತ್ತು. ಊರೆಲ್ಲ ಬೆವರುವಾಗ ಈಕೆ ಒಲೆಯ ಮುಂದೆ ಸ್ವೆಟರು ಹಾಕಿ ಕೂತಿದ್ದಳು. ಕೈ ನಿಧಾನವಾದ್ದರಿಂದ ಸೇವು ಕರಕಲಾಗತೊಡಗಿತು.

“ಮಾಲಕರ ಖಾರ ಎಲ್ಲಿ ಹೊಂಟೈತಿ ಅಂತ ಈಗ ಗೊತ್ತಾತ ಬಿಡವಾ,” ಎಂದಳು ಪೊಟ್ಟಣ ಕಟ್ಟುವ ದುರಗವ್ವ.

“ಎರಡು ರೊಟ್ಟಿ ತಿನ್ನಾಕಿ ಒಂದಕ್ಕ ಇಳದೇನಿ. ಅದು ನಿನ್ನ ಕಣ್ಣಿಗೆ ಕಾಣಂಗಿಲ್ಲೇನ?”

ಕಡೆಗೆ ಹುಸೇನಸಾಬರೇ ಬಾಯಿಬಿಟ್ಟರು. “ಸಿಟ್ಟಾಗಬ್ಯಾಡ ಶಾರವ್ವಾ. ದೀಪಾವಳಿ ತನಕ ನೋಡ್ತೇನಿ. ಕೈ ಹಿಂಗ ಇದ್ರ ನೀನು ದುರಗವ್ವನ ಜೋಡಿ ಪೊಟ್ಟಣಕ್ಕ ಕೂಡು. ಕಡಾಯಿಗೆ ಬ್ಯಾರೆದಾಕಿ ಬರ್ತಾಳ.”

ಶಾರವ್ವ ಅವತ್ತು ಊಟ ಮಾಡಲಿಲ್ಲ. ಮರುದಿನ ನಾನೂ ಹೆಂಡತಿಯೂ ಆಕೆಯನ್ನು ಡಾಕ್ಟರ್ ಪ್ರಿಯಂವದಾ ಅವರಲ್ಲಿಗೆ ಕರೆದೊಯ್ದೆವು. ರಕ್ತ ತಪಾಸಣೆಯಾಯಿತು. ನನ್ನ ಹೊಟ್ಟೆಗೂ ಏನಾದರೊಂದು ಕಾರಣ ಸಿಗಲಿ ಎಂದು ನಾನೂ ರಕ್ತ ಕೊಟ್ಟೆ.

“ಕುತ್ತಿಗ್ಯಾಗ ಥೈರಾಯ್ಡ್ ಅಂತ ಒಂದು ಗ್ರಂಥಿ ಇರ್ತದವ್ವಾ,” ಎಂದರು ಡಾಕ್ಟರು. “ಅದರ ಕೆಲಸ ಕಡಿಮಿ ಆದ್ರ ಮೈಯಾಗಿನ ಉರಿ ಸಣ್ಣಾಗ್ತದ. ಉಂಡದ್ದು ಪೂರಾ ಖರ್ಚಾಗಂಗಿಲ್ಲ. ಉಪ್ಪು, ನೀರೂ ಮೈಯಾಗ ನಿಲ್ತಾವ.”

“ಎಣ್ಣಿ ಕಾಯೂಕಿಂತ ಮದ್ಲ ಸೇವು ಬಿಟ್ರ ಎಣ್ಣಿ ಕುಡದು ಭಾರ ಆಗ್ತೈತಲ್ರಿ, ಹಂಗೇನ್ರಿ?”

“ಹಂಗ ಅಂತ ತಿಳ್ಕೋ. ಗುಳಿಗಿ ಖಾಲಿ ಹೊಟ್ಟ್ಯಾಗ, ಬರೇ ನೀರಿನ ಜೋಡಿ ತಗೋ. ಆಮ್ಯಾಲ ಒಂದು ತಾಸು ಏನೂ ತಿನ್ನಬ್ಯಾಡ. ತೂಕ ಪೂರಾ ಇಳೀತದ ಅನ್ಕೋಬ್ಯಾಡ, ಒಂದೀಟು ಇಳೀತದ.”

ನನ್ನ ಥೈರಾಯ್ಡ್ ಸರಿಯಾಗಿಯೇ ಇತ್ತು. ಆ ರಿಪೋರ್ಟನ್ನು ನಾನು ಹೆಂಡತಿಗೆ ತೋರಿಸಲಿಲ್ಲ.

ಮಳೆಗಾಲದಲ್ಲಿ ಮತ್ತೆ ತಪಾಸಣೆ ಮಾಡಿಸಿದರೆ ಶಾರವ್ವನ ಥೈರಾಯ್ಡ್ ಇದ್ದಲ್ಲೇ ಇತ್ತು. “ಗುಳಿಗಿ ನುಂಗಿದ ಮ್ಯಾಲ ಏನರ ತಿಂತಿಯೇನು?” ಎಂದರು ಡಾಕ್ಟರು.

“ಆಣಿ ಮಾಡಿ ಹೇಳ್ತೇನ್ರಿ, ಏನೂ ಇಲ್ಲ.”

ಪಕ್ಕದಲ್ಲಿದ್ದ ನಾನು ಕೆಮ್ಮಿದೆ. “ಮೊದಲ ಕಡಾಯಿ ಸೇವು?”

“ಅದು ತಿನ್ನೂದಲ್ರಿ ಮಾಸ್ತರ್ರ. ರುಚಿ ನೋಡೂದು.”

“ಅದರ ಮ್ಯಾಲ ಚಹಾ?”

“ನಾಲಿಗಿ ತೊಳಿಯಾಕ.”

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಗುಳಿಗೆಯ ಗುಣವನ್ನು ಸೇವೂ ಚಹಾವೂ ಹಂಚಿಕೊಂಡಿದ್ದವು.

ಹಾಗಾದರೆ ರುಚಿ ನೋಡುವವರು ಯಾರು? ಹುಸೇನಸಾಬರಿಗೆ ಬಿ.ಪಿ. ಇತ್ತು, ಉಪ್ಪು ಬಂದ್. ದುರಗವ್ವನ ಹೆಸರೆತ್ತಿದರೆ ಶಾರವ್ವ ಮುಖ ತಿರುಗಿಸಿದಳು. ಊರಿನ ಹಿತಕ್ಕಾಗಿ ನಾನು ಒಪ್ಪಿಕೊಂಡೆ.

ದೀಪಾವಳಿಯ ಹೊತ್ತಿಗೆ ಸ್ವೆಟರು ಗೂಟಕ್ಕೆ ಹೋಗಿತ್ತು. ಶಾರವ್ವನ ಕೈ ಮೊದಲಿನಂತೆ ತಿರುಗುತ್ತಿತ್ತು, ಸೇವು ಹೊಂಬಣ್ಣಕ್ಕೆ ಬಂದಿತ್ತು. ಬೇರೆಯವಳ ಮಾತನ್ನು ಹುಸೇನಸಾಬರು ಮತ್ತೆ ಎತ್ತಲಿಲ್ಲ. ಶಾರವ್ವನ ತೂಕ ಇಳಿದದ್ದು ಮೂರು ಕಿಲೋ.

“ಆ ಮೂರು ಕಿಲೋ ಎಲ್ಲಿ ಹೊಂಟಾವ ಅಂತ ಈಗ ಗೊತ್ತಾತ ಬಿಡ್ರಿ ಮಾಸ್ತರ್ರ,” ಎನ್ನುತ್ತಾಳೆ ದುರಗವ್ವ, ನನ್ನ ಅಂಗಿಯ ಗುಂಡಿಗಳನ್ನೇ ನೋಡುತ್ತ.