ಸುಮ್ಮನೆ ಹೊರಟ ದುರ್ಗಮ್ಮ

"ಅಮ್ಮಾ, ದುರ್ಗಮ್ಮಜ್ಜಿ ಅಷ್ಟೊಂದು ಸಲ ಬೆಂಗಳೂರಿಗೆ ಹೋಗೀದಾರಲ್ಲ, ಮತ್ತೆ ವಿಧಾನಸೌಧಕ್ಕೆ ಯಾವ ಬಣ್ಣ ಅಂತ ಅವರಿಗೆ ಯಾಕೆ ಗೊತ್ತಿಲ್ಲ?"

ಒಂದನೇ ಕ್ಲಾಸಿನ ನನ್ನ ಮಗಳು ಪ್ರಣತಿಯ ಪ್ರಶ್ನೆ ಇದು. ಶಾಲೆಯಲ್ಲಿ ಬಣ್ಣ ತುಂಬಲು ವಿಧಾನಸೌಧದ ಚಿತ್ರ ಕೊಟ್ಟಿದ್ದರು. ನನ್ನನ್ನು ಕೇಳಿದರೆ ಮೊದಲು ಮಗ್ಗಿ ಹೇಳು ಅನ್ನುತ್ತೇನೆಂದು ಹೆದರಿ ಪಕ್ಕದ ಮನೆಯ ದುರ್ಗಮ್ಮನ ಹತ್ತಿರ ಹೋಗಿದ್ದಳು. ಅವರು ಚಿತ್ರವನ್ನು ದೂರ ಹಿಡಿದು ನೋಡಿ, ಹತ್ತಿರ ಹಿಡಿದು ನೋಡಿ, "ನಿಂಗೆ ಯಾವ್ದು ಚಂದ ಕಾಣ್ತದೋ ಅದನ್ನೇ ಹಚ್ಚು ಮಗಾ. ಸರ್ಕಾರದ್ದು, ಯಾರೂ ಕೇಳಲ್ಲ" ಅಂದರಂತೆ. ಹಾಗಾಗಿ ಹೊಸನಗರದ ನಮ್ಮ ಬಾಡಿಗೆ ಮನೆಯ ಗೋಡೆಯ ಮೇಲೆ ಈಗ ನೇರಳೆ ಬಣ್ಣದ ವಿಧಾನಸೌಧವೊಂದು ಇದೆ.

ಮಗಳಿಗೆ ಏನು ಉತ್ತರ ಕೊಡಲಿ? ದುರ್ಗಮ್ಮನಿಗೆ ಬೆಂಗಳೂರು ಗೊತ್ತಿಲ್ಲ ಅನ್ನುವಂತಿಲ್ಲ. ಬಾಣಂತಿಯನ್ನೂ ಮಗುವನ್ನೂ ಮೀಯಿಸುವುದರಲ್ಲಿ ಅವರದು ದೊಡ್ಡ ಹೆಸರು. ಪ್ರಣತಿಯನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹುಯ್ದವರೂ ಅವರೇ. ನಾನು ಹೆದರಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತಿದ್ದರೆ, "ಮಗು ನಿಂದೇ, ನಾನೆಲ್ಲೂ ಎತ್ಕೊಂಡು ಓಡಲ್ಲ. ಹೋಗಿ ಮಲಕ್ಕ" ಅಂದಿದ್ದರು. ಹೆತ್ತ ಮೇಲೆ ನನಗೆ ಮಲಗು ಅಂದ ಮೊದಲ ಮನುಷ್ಯರು ಅವರು. ಉಳಿದವರೆಲ್ಲ ಮಗುವಿನ ಮೂಗು ಯಾರ ಕಡೆಯದು ಎಂದು ತೀರ್ಮಾನಿಸಲು ಬಂದವರು.

ಇಂಥವರಿಗೆ ಬೆಂಗಳೂರಿನಲ್ಲಿ ನೆಂಟರಿದ್ದರೆ ಏನಾಗಬೇಕೋ ಅದೇ ಆಯಿತು. ತಮ್ಮನ ಮಗಳು ತನುಜಾ ಇರಲಿ, ನಾದಿನಿಯ ಸೊಸೆ ಇರಲಿ, ವರ್ಷಗಟ್ಟಲೆ ಫೋನು ಮಾಡದವರಿಗೂ ಏಳನೇ ತಿಂಗಳು ತುಂಬುತ್ತಿದ್ದಂತೆ ದುರ್ಗಮ್ಮತ್ತೆಯ ಮೇಲೆ ಪ್ರೀತಿ ಉಕ್ಕುತ್ತಿತ್ತು. ಅವರು ಚೀಲ ಕಟ್ಟಿಕೊಂಡು ಹೊರಡುತ್ತಿದ್ದರು. ನಾಗರಬಾವಿಯ ಬಾಲ್ಕನಿಗೆ ಬಿಸಿಲು ಬೆಳಿಗ್ಗೆ ಬರುತ್ತದೆ, ಯಲಹಂಕದ್ದಕ್ಕೆ ಮಧ್ಯಾಹ್ನದ ಮೇಲೆ, ಮಾರತ್ತಹಳ್ಳಿಯಲ್ಲಿ ಟ್ಯಾಂಕರ್ ನೀರಿಗೆ ಬೇಳೆ ಬೇಯುವುದಿಲ್ಲ. ಮಗುವಿನ ಬಟ್ಟೆ ಒಣಗಿಸುವವರಿಗೆ ಬೇಕಾದ ಬೆಂಗಳೂರೆಲ್ಲ ಅವರಿಗೆ ಬಾಯಿಪಾಠ. ವಾಪಸ್ ಕಳಿಸುವಾಗ ಒಂದು ಸೀರೆ ಕೊಡುತ್ತಿದ್ದರು, ಜೊತೆಗೆ "ಮುಂದಿನ ಸಲ ಬಂದಾಗ ಖಂಡಿತ ಎಲ್ಲಾ ತೋರಿಸ್ತೀವಿ ಅತ್ತೆ" ಎಂಬ ಮಾತು. ಸೀರೆ ಎರಡನೇ ಒಗೆತಕ್ಕೆ ಬಣ್ಣ ಬಿಡುತ್ತಿತ್ತು. ಮಾತು ಹಾಗಲ್ಲ, ಪ್ರತಿ ಸಲವೂ ಹೊಸದರಂತೆಯೇ ಇರುತ್ತಿತ್ತು.

ನೇರಳೆ ವಿಧಾನಸೌಧ ಗೋಡೆ ಏರಿದ ಮರುದಿನ ದುರ್ಗಮ್ಮ ಬಂದು ನಮ್ಮ ಜಗಲಿಯಲ್ಲಿ ಕೂತರು.

"ಭವ್ಯಾ, ಮಗು ಮುಂದೆ ಮರ್ಯಾದೆ ಹೋಯ್ತು ಮಾರಾಯ್ತಿ. ನಾನೊಂದ್ಸಲ ಬೆಂಗಳೂರು ನೋಡ್ಬೇಕು."

"ಯುಗಾದಿ ಕಳೆದ ಮೇಲೆ ಹೋಗಿ ಬಂದ್ರಲ್ಲ."

"ಅದು ಹೋಗಿದ್ದು. ನಾನು ಹೇಳ್ತಿರೋದು ನೋಡೋದು." ಕಾಲು ನೀಡಿ ಮಂಡಿ ಸವರಿಕೊಂಡರು. "ಇದು ಈ ವರ್ಷ ನಾನು ಹೇಳಿದ್ದು ಕೇಳ್ತದೆ. ಬರೋ ವರ್ಷ ಅದು ಹೇಳಿದ್ದನ್ನ ನಾನು ಕೇಳ್ಬೇಕು. ದೀಪಾವಳಿ ಹೊತ್ತಿಗೆ ಮತ್ತೊಂದು ಹೆರಿಗೆಗೆ ಕರೆದೂ ಆಗಿದೆ. ನೋಡಿದ್ರೆ ಈಗ ನೋಡ್ಬೇಕು, ಇಲ್ದಿದ್ರೆ ಇಲ್ಲ."

ಕಡಿಮೆ ಖರ್ಚಿನಲ್ಲಿ ಆಗಬೇಕು, ಯಾರ ಮನೆಯ ಒಲೆಯನ್ನೂ ಹೊತ್ತಿಸಬಾರದು. ಇವೆರಡೇ ಅವರ ಷರತ್ತು. ನಾನು ಫೋನು ತೆಗೆದು 'ಅತಿ ಅಗ್ಗದಲ್ಲಿ ಬೆಂಗಳೂರು' ಎಂಬ ವಿಡಿಯೋ ಹಾಕಿದೆ. ಉಲ್ಟಾ ಟೋಪಿ ಹಾಕಿಕೊಂಡ ಹುಡುಗನೊಬ್ಬ ಬಂದು, ವಿಮಾನ ಇಳಿದ ಕೂಡಲೇ ಟ್ಯಾಕ್ಸಿ ಹತ್ತಬೇಡಿ, ದುಡ್ಡು ಉಳಿಯುತ್ತದೆ ಎಂದ.

"ಆಯ್ತಪ್ಪಾ, ಹತ್ತಲ್ಲ" ಅಂದರು ದುರ್ಗಮ್ಮ. ಉಳಿತಾಯ ಅಲ್ಲಿಂದಲೇ ಶುರುವಾಯಿತು.

ಬೆಳಿಗ್ಗೆ ಎದ್ದು ಕಬ್ಬನ್ ಪಾರ್ಕಿನಲ್ಲಿ ಓಡಿ, ಅದಕ್ಕೆ ಟಿಕೆಟ್ ಇಲ್ಲ ಎಂದ.

"ಎಂತಕ್ಕೆ ಓಡೋದು? ಹಿಂದಿಂದ ಯಾರಾದ್ರೂ ಅಟ್ಟಿಸ್ಕೊಂಡು ಬರ್ತಾರಾ?"

ಅವನನ್ನು ಅಲ್ಲಿಗೇ ಬಿಟ್ಟು ನಾವೇ ಕೂತು ಯೋಚಿಸಿದೆವು. ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿ, ಆಧಾರ್ ಕಾರ್ಡು ತೋರಿಸಿದರೆ ಸಾಕು. ಆದರೆ ನಮ್ಮ ಕಡೆ ಓಡಾಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಬಿಟ್ಟಿ ಬಸ್ಸು ಹತ್ತಬೇಕಾದರೆ ಮೊದಲು ದುಡ್ಡು ಕೊಟ್ಟು ಸಾಗರಕ್ಕೆ ಹೋಗಬೇಕು. ಅದೂ ಕೆಂಪು ಬಸ್ಸೇ ಆಗಬೇಕು, ಮಲಗುವ ಬಸ್ಸಿಗೆ ಈ ಸೌಭಾಗ್ಯ ಇಲ್ಲ. ಇರಲಿ. ಲಾಲ್‌ಬಾಗು, ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಟ್ರೋ, ವಿಧಾನಸೌಧ ಹೊರಗಿನಿಂದ. ಒಳಗಿನದನ್ನು ಟಿವಿಯಲ್ಲಿ ನೋಡಿದ್ದೇವೆ, ಅಷ್ಟು ಸಾಕು ಎಂದು ಇಬ್ಬರೂ ಒಪ್ಪಿದೆವು. ಉಳಿಯುವುದಕ್ಕೆ ಮೆಜೆಸ್ಟಿಕ್ ಹತ್ತಿರ ಒಂದು ಛತ್ರ ಹುಡುಕಿದೆ. ಹೆಂಗಸರಿಗೇ ಬೇರೆ ಕೋಣೆ, ಮಂಚ, ಬಿಸಿನೀರು.

ಛತ್ರ ಎಂದದ್ದೇ ದುರ್ಗಮ್ಮನ ಮುಖ ಸಪ್ಪಗಾಯಿತು. "ತಮ್ಮನ ಮಗಳು ಇರೋ ಊರಲ್ಲಿ ಛತ್ರದಲ್ಲಿ ಮಲಗದಾ? ಗೊತ್ತಾದ್ರೆ ಅತ್ತೆಗೆ ನಮ್ಮನೆ ಬೇಡಾಯ್ತು ಅಂತ ನಾನು ಸತ್ತ ಮೇಲೂ ಹೇಳ್ತಾಳೆ."

ಅವರು ಹೇಳಿದ್ದು ಸುಳ್ಳಲ್ಲ. ನಮ್ಮ ಕಡೆ ನೆಂಟರಿರುವ ಊರಿನಲ್ಲಿ ಕಾಸು ಕೊಟ್ಟು ಮಲಗುವುದೂ ಆಸ್ತಿ ಪಾಲಿಗೆ ನೋಟೀಸು ಕಳಿಸುವುದೂ ಒಂದೇ. ಹಾಗಾಗಿ ತನುಜಾಗೆ ಫೋನು ಮಾಡಿದರು. ಸ್ಪೀಕರ್ ಹಾಕಿದ್ದರಿಂದ ಎಲ್ಲವೂ ನನಗೆ ಕೇಳಿಸಿತು.

"ಬನ್ನಿ ಅತ್ತೆ, ಎಂತಕ್ಕೆ ಬರ್ತಿದೀರಿ?"

"ಸುಮ್ನೆ."

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ ಸುಮ್ನೆ ಮಗಾ. ಎಂತ ಕೆಲಸನೂ ಇಲ್ಲ."

ತಪ್ಪಾದದ್ದು ಇಲ್ಲಿ. ಮದುವೆ, ತಿಥಿ, ಹೆರಿಗೆ, ಆಸ್ಪತ್ರೆ, ಹರಕೆ, ಇವಿಷ್ಟೂ ಇಲ್ಲದೆ ಇಲ್ಲಿನ ಹೆಂಗಸು ಬಸ್ಸು ಹತ್ತಿದ್ದನ್ನು ಯಾರೂ ಕಂಡಿಲ್ಲ. ಯಾವುದಾದರೂ ಒಂದು ದೇವರ ಹೆಸರು ಹೇಳಿದ್ದರೆ ಮುಗಿದುಹೋಗುತ್ತಿತ್ತು. ದುರ್ಗಮ್ಮ ನಿಜ ಹೇಳಿದರು. ಅವರ 'ಸುಮ್ನೆ'ಗೆ ನೋಡಿಕೊಂಡು ಬರುತ್ತೇನೆ ಎಂದರ್ಥ. ತನುಜಾಗೆ ಕೇಳಿಸಿದ್ದು ಅತ್ತೆಯ ಕೈ ಖಾಲಿ ಇದೆ ಎಂದು.

"ಕೆಲಸ ಇಲ್ವಾ? ದೇವರೇ ಕಳಿಸಿದಂಗಾಯ್ತು ಅತ್ತೆ. ನಮ್ಮ ಅಡುಗೆಯವಳು ಬಿಟ್ಟು ಹೋಗಿದಾಳೆ, ಪಾಪುಗೆ ರಜ ಬೇರೆ. ನೀವು ಬಂದ್ರೆ ನಾವಿಬ್ರೂ ಆಗುಂಬೆ ಕಡೆ ಹೋಗಿ ಬರ್ತೀವಿ. ತೀರ್ಥಹಳ್ಳಿ ಹತ್ರ ಚಂದದ್ದೊಂದು ಹೋಂಸ್ಟೇ ನೋಡಿಟ್ಟಿದೀವಿ. ತುಂಬಾ ಸುಸ್ತಾಗಿದೆ ಅತ್ತೆ, ಒಂದು ಬ್ರೇಕ್ ಬೇಕಿತ್ತು."

ಅಂದರೆ ಬೆಂಗಳೂರು ನೋಡಲು ಇವರು ಅಲ್ಲಿಗೆ ಹೋಗಿ ಮಗು ಕಾಯಬೇಕು, ನಮ್ಮೂರು ನೋಡಲು ಅವರು ಇಲ್ಲಿಗೆ ಬಂದು ಬಾಡಿಗೆ ಕೊಟ್ಟು ಕಡುಬು ತಿನ್ನಬೇಕು.

"ಮತ್ತೆ ನಾನು ಊರು ನೋಡೋದು?" ಎಂದರು ದುರ್ಗಮ್ಮ ಮೆಲ್ಲಗೆ.

"ನಮ್ಮ ಬಾಲ್ಕನಿಯಿಂದ ಮೆಟ್ರೋ ಕಾಣ್ತದಲ್ಲ. ಪಾಪು ಜೊತೆ ಕೂತ್ಕೊಂಡು ಎಷ್ಟು ಬೇಕೋ ಅಷ್ಟು ನೋಡಿ."

ಸುದ್ದಿ ಮಾರತ್ತಹಳ್ಳಿಯನ್ನೂ ಯಲಹಂಕವನ್ನೂ ಮುಟ್ಟಿತು. ಹೇಗೂ ಸುಮ್ನೆ ಬರ್ತಿದೀರಲ್ಲ ಎಂದು ಒಬ್ಬರು ಮಿಡಿ ಉಪ್ಪಿನಕಾಯಿ ಕೇಳಿದರು, ಒಬ್ಬರು ಕೆಂಪಕ್ಕಿ, ಇನ್ನೊಬ್ಬರು ಬಾಳೆ ಎಲೆ. ಬಾಳೆ ಎಲೆ ಅಲ್ಲೂ ಸಿಗುತ್ತದಂತೆ, ಆದರೆ ಆ ಘಮ ಇಲ್ಲವಂತೆ. ಪ್ರಣತಿಗೊಂದು ಸ್ವೆಟರ್ ತರಲು ಹೇಳೋಣವೆಂದು ನಾನೂ ಬಾಯಿ ತೆರೆದಿದ್ದೆ. ಅವರ ಮುಖ ನೋಡಿ ಆಕಳಿಸಿದಂತೆ ಮಾಡಿ ಮುಚ್ಚಿಕೊಂಡೆ.

ಅವರ ಗಂಡ ಹೂವಪ್ಪ ಬಸ್‌ಸ್ಟ್ಯಾಂಡ್ ಹಿಂದೆ ಮಿಕ್ಸಿ ರಿಪೇರಿ ಮಾಡುವವರು. ಜಗಲಿಯಲ್ಲಿ ಕೂಡಿಹಾಕಿದ ಚೀಲಗಳನ್ನು ಕಂಡು, "ಬಸ್ಸು ಬೇಡ, ನಿಂಗೆ ಲಾರಿ ಮಾತಾಡ್ತೀನಿ. ಡ್ರೈವರ್ ಪಕ್ಕ ಕೂತ್ರೆ ದಾರಿನಾದ್ರೂ ಕಾಣ್ತದೆ" ಅಂದರು. ದುರ್ಗಮ್ಮ ನಗಲಿಲ್ಲ. ಹೆಂಡತಿ ನಗದೆ ಇದ್ದದ್ದು ಹೂವಪ್ಪನಿಗೆ ಚುಚ್ಚಿರಬೇಕು, ಅವತ್ತು ಮಧ್ಯಾಹ್ನ ಅಂಗಡಿಗೆ ಹೋಗಲೇ ಇಲ್ಲ.

ಆಮೇಲೆ ಕೆಲವು ದಿನ ದುರ್ಗಮ್ಮ ನಮ್ಮ ಜಗಲಿಗೆ ಬರಲಿಲ್ಲ. ಪ್ರಣತಿ ಹೋಗಿ ಕರೆದರೂ ಬರಲಿಲ್ಲ. ಜೀವನವೆಲ್ಲ ಊರವರ ಮಕ್ಕಳ ಕೊಳೆ ತೊಳೆದವರಿಗೆ ಎರಡು ದಿನ ಕೈ ಕಟ್ಟಿಕೊಂಡು ಒಂದು ಊರು ನೋಡುವುದು ಇಷ್ಟು ದುಬಾರಿಯೇ ಎಂದು ಒಂದು ರಾತ್ರಿ ಡೈರಿಯಲ್ಲಿ ಬರೆದುಕೊಂಡೆ. ಬರೆದರೆ ಏನೂ ಆಗುವುದಿಲ್ಲ, ನಿದ್ದೆ ಬರುತ್ತದೆ ಅಷ್ಟೆ.

ನಿನ್ನೆ ಸಂಜೆ ಅವರೇ ಬಂದರು. ತಲೆಗೆ ಸ್ನಾನ ಮಾಡಿದ್ದರು.

"ತನುಜಂಗೆ ಬರಲ್ಲ ಅಂದೆ. ಮಂಡಿ ನೋವು ಅಂದೆ."

"ಅದಕ್ಕೆ ಎಂತ ಅಂದ್ಲು?"

"ಛೇ, ನಮ್ಮ ಆಗುಂಬೆ ಹೋಯ್ತಲ್ಲ ಅತ್ತೆ ಅಂದ್ಲು."

"ಅಂದ್ರೆ ನೀವು ನೋಡೋದು?"

"ನಾಳೆ ಬೆಳಿಗ್ಗೆ ಸಾಗರದ ಬಸ್ಸು. ಛತ್ರದಲ್ಲಿ ಮಂಚ ಹೇಳಾಗಿದೆ, ಇವರೇ ಫೋನ್ ಮಾಡಿ ಹೇಳಿದ್ರು. ಚೀಲ ಎಲ್ಲ ಬಿಚ್ಚಿ ಹಾಕಿದೆ. ಒಂದು ಸೀರೆ, ಒಂದು ಡಬ್ಬಿ ಅವಲಕ್ಕಿ, ಆಧಾರ್ ಕಾರ್ಡು."

"ತನುಜಾಗೆ ಗೊತ್ತಾದ್ರೆ?"

"ಅದೇ ನೋಡು. ಮಂಡಿ ವಾಸಿ ಆಯ್ತಾ, ಆಯ್ತಾ ಅಂತ ಎರಡು ಹೊತ್ತೂ ಫೋನ್ ಮಾಡ್ತಾಳೆ. ಆಗುಂಬೆ ಆಸೆ ಬಿಟ್ಟಿಲ್ಲ ಅವಳು. ಅಲ್ಲಿ ಕೂತ್ಕೊಂಡು ಎತ್ತಿದ್ರೆ ಹಾರ್ನ್ ಕೇಳ್ತದೆ. ಹೊಸನಗರದಲ್ಲಿ ಅಷ್ಟು ಹಾರ್ನ್ ಎಲ್ಲಿಂದ ಬಂತು ಅಂತ ಕೇಳಿದ್ರೆ ಎಂತ ಹೇಳ್ಲಿ?"

"ಫೋನನ್ನ ಹೂವಪ್ಪಣ್ಣನ ಹತ್ರ ಬಿಟ್ಟು ಹೋಗಿ."

"ಅವರಾ? ಸುಳ್ಳು ಹೇಳಕ್ಕೆ ಹೋಗಿ ನಿಜ ಹೇಳ್ತಾರೆ, ಆಮೇಲೆ ಸಮಾಧಾನಕ್ಕೆ ಛತ್ರದ ಅಡ್ರೆಸ್ಸೂ ಕೊಡ್ತಾರೆ."

ಅಷ್ಟು ಹೇಳಿ ಸೆರಗಿನಿಂದ ತಮ್ಮ ಫೋನು ಬಿಚ್ಚಿ ನನ್ನ ಕೈಯಲ್ಲಿಟ್ಟು, ಮಗುವಿನ ಮುಷ್ಟಿ ಮಡಚುವ ಹಾಗೆ ನನ್ನ ಬೆರಳುಗಳನ್ನು ಮಡಚಿದರು. ಕೊಲ್ಲೂರಿನ ದಾರಿಯಲ್ಲಿ ಸಿಗುವ ಹಳೆ ಕೋಟೆಯ ಊರಿಗೆ ನಮ್ಮ ತಾಲೂಕಿನಲ್ಲಿ ನಗರ ಎಂದೇ ಹೆಸರು. ಹುಟ್ಟಿದ್ದು ಇಲ್ಲೇ ಆದ್ದರಿಂದ ತನುಜಾಗೂ ಅದು ಗೊತ್ತು.

"ನೀನೊಂದು ಉಪಕಾರ ಮಾಡ್ಬೇಕು ಭವ್ಯಾ. ಇವರ ಫೋನು ನಾನು ತಗೊಂಡು ಹೋಗ್ತೀನಿ, ಇದು ನಿನ್ನ ಹತ್ರ ಇರ್ಲಿ. ನಿನ್ನ ಬಾಯಲ್ಲಿ ನಾನು ಸುಳ್ಳು ಹೇಳಿಸಲ್ಲ. ತನುಜಾ ಮಾಡಿದ್ರೆ, ದುರ್ಗಮ್ಮ ನಗರಕ್ಕೆ ಹೋಗೀದಾರೆ ಅಂತ ಹೇಳು, ಅಷ್ಟೇ. ಅಲ್ಲಿ ಯಾರೋ ಮಂಡಿಗೆ ಎಣ್ಣೆ ತಿಕ್ಕೋರು ಇರ್ಬೇಕು ಅಂತ ಅವಳೇ ಅಂದ್ಕೊಳ್ಳಿ. ಯಾವ ನಗರ ಅಂತ ಅವಳಾಗಿ ಕೇಳದೆ ನೀನಾಗಿ ಬಿಡಿಸಿ ಹೇಳಕ್ಕೆ ಹೋಗ್ಬೇಡ, ಆಯ್ತಾ?"