ಗಂಗಕ್ಕನ ಹೊಲದಲ್ಲಿ ಮಂದಿಯ ಸಾಲು

ಪುಣೆ ಕಡೆಯ ಶಿರೂರಿನ ಆಚೆ ಗಂಗಕ್ಕನ ಎರಡೆಕರೆಯಲ್ಲಿ ಕೆಲವು ಸಾಲುಗಳು ಅವರೊಂದಿಗೆ ವಾದ ಮಾಡಿದವರಿಗೆ ಸೇರಿದ್ದವು. ‘ನಿಮ್ಮ ಪದ್ಧತಿ ಸರಿಯಿಲ್ಲ’ ಎಂದವರ ಹೆಸರನ್ನು ತಗಡಿನ ತುಂಡಿನ ಮೇಲೆ ಬರೆದು ಸಾಲಿನ ತುದಿಗೆ ನೆಟ್ಟು, ಆ ಸಾಲನ್ನು ಅವರು ಹೇಳಿದಂತೆಯೇ ಬೆಳೆಸುತ್ತಿದ್ದರು. ಸ್ವಂತ ಬೆಳೆಗೆ ನೀರು ತಪ್ಪಿದರೂ ಆ ಸಾಲಿಗೆ ತಪ್ಪುತ್ತಿರಲಿಲ್ಲ. “ಮಂದಿ ಕೂಸು ನಮ್ಮನಿಗೆ ಬಂದ್ರ ಒಂದ ತುತ್ತು ಹೆಚ್ಚ ಉಣಸಬೇಕ್ರಿ,” ಎನ್ನುತ್ತಿದ್ದರು.

ವಿಜಯಪುರದ ಕಡೆಯವರು. ಪುಣೆ ಅಂಚಿನ ಭೋಸರಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ದುಡಿದು, ಆಮೇಲೆ ಹೊಲ ಹಿಡಿದರು. ನೆಲ ಉಳದೆ, ಒಣಹುಲ್ಲು ಹೊದಿಸಿ ಬೆಳೆಯುವುದು ಅವರ ಪದ್ಧತಿ. ರಾಸಾಯನಿಕ ಗೊಬ್ಬರ ಬಿಟ್ಟ ನಾವು ಹತ್ತು-ಹದಿನೈದು ಮಂದಿ ರೈತರು ಭಾನುವಾರ ಪುಣೆಯಲ್ಲಿ ಸೇರುತ್ತಿದ್ದೆವು. ರಾಸಾಯನಿಕ ಬಿಟ್ಟಿದ್ದೆವೇ ಹೊರತು ಜಗಳ ಬಿಟ್ಟಿರಲಿಲ್ಲ.

ನಮ್ಮಲ್ಲಿ ಶಿಂದೆ ಕಾಕಾ ಜೀವಾಮೃತದವರು. ಸಗಣಿ, ಗಂಜಲ, ಬೆಲ್ಲ ಕಲಸಿ ಕೊಳೆಸಿದ ಆ ನೀರಿಲ್ಲದೆ ಟೊಮೆಟೊ ಬೆಳೆಯದು ಎಂದು ಗಂಗಕ್ಕನ ಮುಖಕ್ಕೇ ಹೇಳಿದರು. ಗಂಗಕ್ಕ ಮೂಗಿಗೆ ಸೆರಗು ಹಿಡಿದು ವಾರವಾರ ಅದನ್ನು ಕಲಸಿ ಕಾಕಾನ ಸಾಲಿಗೆ ಸುರಿದರು. ಫಸಲು ಬಂದಾಗ ಎರಡು ಬುಟ್ಟಿ ಹೊತ್ತು ಸಭೆಗೆ ಬಂದು, ಮೊದಲು ಮರಾಠಿಯಲ್ಲಿ, ಆಮೇಲೆ ನಮ್ಮಂಥ ಕನ್ನಡಿಗರಿಗಾಗಿ ಕನ್ನಡದಲ್ಲಿ ಹೇಳಿದರು: “ಶಿಂದೆ ಅವರವು ಗೆದ್ದಾವ್ರಿ. ನನ್ನವು ಸಾರಿಗೆ ಛಲೋ ಅದಾವ.” ಜಗಳಕ್ಕೆ ಸಜ್ಜಾಗಿ ಬಂದಿದ್ದ ಕಾಕಾ ಮುಂದಿನ ವಾರ ತಮ್ಮ ಹೊಲಕ್ಕೆ ಹುಲ್ಲು ಹೊದಿಸಿದರು. ಸೋಲನ್ನು ತಾವೇ ತಲೆಮೇಲೆ ಹೊತ್ತು ತಂದವರನ್ನು ನಾನು ಕಂಡಿರಲಿಲ್ಲ.

ಆದರೂ ನನಗೆ ಬುದ್ಧಿ ಬರಲಿಲ್ಲ. ನನ್ನದು ಎರೆಗೊಬ್ಬರದ ಹುಚ್ಚು. “ಎರೆಹುಳ ಚೀಲದಾಗ ತರೂದ್ಯಾಕ ತಮ್ಮಾ? ನೆಲ ಛಲೋ ಇದ್ರ ಕರೀದಿದ್ರೂ ಬರ್ತಾವ,” ಎಂದರು ಗಂಗಕ್ಕ ಒಂದು ಭಾನುವಾರ.

“ನಿಮಗೆ ವಯಸ್ಸಾಯ್ತು ಅಕ್ಕ, ಹೊಸದು ತಲೆಗೆ ಹೋಗಲ್ಲ,” ಎಂದುಬಿಟ್ಟೆ, ಎಲ್ಲರೆದುರು.

ಅವರು ಕೇಳಿದ್ದು ಒಂದೇ: “ಒಂದ ಸಾಲಿಗೆ ಎಷ್ಟ ಬುಟ್ಟಿ ಹಾಕಬೇಕು?”

ಸಿಟ್ಟಿನಲ್ಲಿ ಅದೂ ಅಣಕದಂತೆ ಕೇಳಿಸಿತು. ಬಾಯಿಗೆ ಬಂದಂತೆ “ಒಂದು” ಎಂದು ಎದ್ದು ಬಂದೆ. ಮತ್ತೆ ಸಭೆಗೆ ಹೋಗಲಿಲ್ಲ.

ನಾಲ್ಕು ತಿಂಗಳ ಮೇಲೆ ವಾಟ್ಸಾಪ್ ಗುಂಪಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಮಣ್ಣು ಮಾಡಿ ಬಂದ ಮೇಲೆ ಅವರ ಸೊಸೆ ನನ್ನನ್ನು ಹೊಲಕ್ಕೆ ಕರೆದೊಯ್ದಳು. ತಗಡಿನ ಮೇಲೆ ನನ್ನ ಹೆಸರಿತ್ತು. ಆ ಸಾಲಿನ ಬದನೆಗಿಡಗಳು ಹಳದಿಯಾಗಿ ಗೇಣುದ್ದಕ್ಕೇ ನಿಂತಿದ್ದವು. ಪಕ್ಕದ ಗಂಗಕ್ಕನ ಸಾಲಿನವು ಸೊಂಟದೆತ್ತರ.

“ಇವು ಸೋತಾವಲ್ಲಾ ಅತ್ತಿ, ಸಭಾದಾಗ ಹೇಳ್ರಿ ಅಂದೆ,” ಎಂದಳು ಸೊಸೆ. “‘ಆ ತಮ್ಮನ್ನ ಕೇಳ್ಲಾರದ ಹಂಗ ಅನಬಾರದು, ನನ್ನ ಕೈಲೇ ಎಲ್ಲೋ ತಪ್ಪಾಗ್ಯದ, ಅವ ಬರ್ಲಿ’ ಅಂದ್ರು. ಪ್ರತಿ ಭಾನುವಾರ ನಿಮ್ಮ ಹಾದಿ ನೋಡಿದ್ರು.”

ಒಂದಲ್ಲ, ಸಾಲಿಗೆ ನಾಲ್ಕು ಬುಟ್ಟಿ ಎಂದು ಹೇಳಬೇಕಿತ್ತು. ಅದು ನನಗೆ ಅಂದೂ ಗೊತ್ತಿತ್ತು.